ನೂಲು ಹಿಡಿಯದ ಅಯ್ಯನವರು

ನಮ್ಮೂರಿನಲ್ಲಿ ಪ್ರಾರ್ಥನೆಗೆ ನಿಂತವರ ಕಾಲು ನೆಲ ಬಿಡುತ್ತಿತ್ತು. ಎಲ್ಲರದ್ದೂ ಅಲ್ಲ, ದಿನವೂ ಅಲ್ಲ. ಕೆಲವರು ಬೆರಳಷ್ಟು ಏಳುತ್ತಿದ್ದರು, ಕೆಲವರು ಗೇಣಷ್ಟು. ದಿಬ್ಬದ ಮೇಲಿನ ನಮ್ಮ ಚರ್ಚಿನಲ್ಲಿ ಹೇಗೋ ಕೆಳಗಿನ ಮಸೀದಿಯಲ್ಲೂ ಹಾಗೇ, ಅಳಿವೆಬಾಯಿಯ ಅಮ್ಮನ ಗುಡಿಯಲ್ಲೂ ಹಾಗೇ. ಗಾಳಿಗೆ ಮಾನ ಹೋಗಬಾರದೆಂದು ಹೆಂಗಸರು ಸೀರೆಯ ಅಂಚಿಗೆ ಹೊಳೆಯ ಹರಳು ಸೇರಿಸಿ ಹೊಲಿಸಿಕೊಳ್ಳುತ್ತಿದ್ದರು. ಚರ್ಚಿನಲ್ಲಿ ಫ್ಯಾನುಗಳನ್ನು ಸೂರಿಗೆ ತೂಗುಹಾಕದೆ ಗೋಡೆಗೆ ಕೂರಿಸಿದ್ದರು. ಮಾವಿನ ಕಾಲದಲ್ಲಿ ಮಕ್ಕಳು ಏನೇನೋ ಬೇಡಿಕೊಂಡು ಮೇಲೇರಿ ಜಂತೆಗೆ ತಲೆ ಹೊಡೆದುಕೊಳ್ಳುತ್ತವೆಂದು ತಾಯಂದಿರು ಅವುಗಳ ಉಡಿದಾರಕ್ಕೆ ಸೆರಗು ಗಂಟು ಹಾಕಿಕೊಂಡೇ ಕೂರುತ್ತಿದ್ದರು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ ಮೊರದ ಸಮೇತ ಚೂರು ಮೇಲೆದ್ದರೆ, ಪಾಪ, ಯಾರೋ ನೆನಪಿಗೆ ಬಂದಿರಬೇಕು ಎಂದುಕೊಂಡು ದಾರಿಹೋಕರು ಸುಮ್ಮನೆ ದಾಟಿಹೋಗುತ್ತಿದ್ದರು. ಬೇರೆಯವರ ಕಾಲಿನ ಕಡೆ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ.

ನಾನು ಹೊಲಿಗೆಯವಳು, ಹೆಸರು ಕೃಪಾವತಿ. ಗಂಡ ತೀರಿಕೊಂಡ ಮೇಲೆ ಮೆಷಿನ್ನು ಹೊರಿಸಿಕೊಂಡು ತಮ್ಮನ ಮನೆಗೆ ಬಂದವಳು. ತಮ್ಮ ಪ್ರಭುದಾನ ಆ ಚರ್ಚಿನ ಸಭಾಪಾಲಕ, ಅಂದರೆ ಪಾದ್ರಿ. ಊರೆಲ್ಲ ಅವನನ್ನು ಅಯ್ಯನವರು ಅನ್ನುತ್ತಿತ್ತು. ನಾನು ಪ್ರಭು ಅನ್ನುತ್ತಿದ್ದೆ, ಸಿಟ್ಟು ಬಂದಾಗ ಲೋ ಅನ್ನುತ್ತಿದ್ದೆ. ಮದುವೆಯಾಗಿರಲಿಲ್ಲ. ಸಣಕಲು ಮೈ, ದೊಡ್ಡ ಕಿವಿ, ಬಂಗಡೆ ಸಾರು ಅಂದರೆ ಪ್ರಾಣ. ಬೇರೆ ಬೇರೆ ಜಾತಿ, ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಕೈ ಹಿಡಿದುಕೊಂಡು ಬಂದರೆ ಏನನ್ನೂ ಕೇಳದೆ ಹರಸಿ ಕಳಿಸುತ್ತಿದ್ದ. ಕುಡಿದು ಸತ್ತವನಿಗೂ ಚರ್ಚಿನ ಅಂಗಳದಲ್ಲೇ ಮಣ್ಣು ಕೊಡಿಸುತ್ತಿದ್ದ. ಚರ್ಚಿನ ಸಭೆಯ ಹಿರಿಯರು ಇದಕ್ಕೆಲ್ಲ ಗೊಣಗಿದರೂ ಬಾಯಿ ಬಿಟ್ಟು ಬೈಯುತ್ತಿರಲಿಲ್ಲ. ಬೈಯುವುದು ಹೇಗೆ? ಪ್ರಾರ್ಥನೆಗೆ ನಿಂತರೆ ಅವನಷ್ಟು ಎತ್ತರ ಏಳುವವರು ಊರಲ್ಲೇ ಇರಲಿಲ್ಲ. ಬೆಳಗಿನ ಹೊತ್ತು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮಟ್ಟಕ್ಕೆ ಹೋಗಿಬಿಡುತ್ತಿದ್ದ. "ಲೋ, ಗಂಜಿ ಆರುತ್ತೆ" ಎಂದು ನಾನು ಕೆಳಗಿನಿಂದ ಕೂಗಿದರೆ ನಾಚಿಕೊಂಡು ಇಳಿಯುತ್ತಿದ್ದ.

ಒಂದು ವರ್ಷ ಕಡಲು ಒಡ್ಡಿನ ತನಕ ಬಂತು. ನಮ್ಮೂರು ಕಡಲಿಗಿಂತ ತಗ್ಗಿನಲ್ಲಿದೆ, ನಡುವೆ ಇರುವುದು ಆ ಮಣ್ಣಿನ ಒಡ್ಡೊಂದೇ. ಬೆಳಗಿನಿಂದ ಮರಳಿನ ಚೀಲ ಹೊತ್ತು ಹೊತ್ತು ಎಲ್ಲರ ಹೆಗಲೂ ಸುಲಿದಿತ್ತು. ಇನ್ನು ಕೈಲಾಗದು ಅನ್ನುವಾಗ ಯಾರೋ ಪ್ರಾರ್ಥನೆ ಶುರುಮಾಡಿದರು. ಅವರವರ ದೇವರ ಹೆಸರು ಹಿಡಿದು ಜನ ಒಬ್ಬೊಬ್ಬರಾಗಿ ಮೇಲೆದ್ದರು. ಬೂದಿ ಬಣ್ಣದ ಆಕಾಶದ ಕೆಳಗೆ ಇಡೀ ಊರು ನೆಲ ಬಿಟ್ಟು ಮೆಲ್ಲಗೆ ತೂಗುತ್ತ ನಿಂತಿತ್ತು, ಎಲ್ಲರ ಪಾದದಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅದನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ನೆಲದ ಮೇಲೆ ಉಳಿದವಳು ಒಡ್ಡಿನ ಕೇರಿಯ ಪುರಸಭಾ ಸದಸ್ಯೆ ಚಂದ್ರಭಾಗಿ ಒಬ್ಬಳೇ. ಸೀರೆ ಎತ್ತಿ ಕಟ್ಟಿ, ದವಡೆಯಲ್ಲಿ ಎಲೆಯಡಿಕೆ ಒತ್ತಿಕೊಂಡು ಚೀಲ ಎಳೆಯುತ್ತಿದ್ದಳು. "ಮೇಲಿರೋರು ಯಾರಾದರೂ ಒಬ್ಬರು ಇಳಿದು ಈ ತುದಿ ಹಿಡೀರಿ!" ಎಂದು ಕೂಗಿದಳು. ಇಳಿದವನು ಪ್ರಭು. ಇಬ್ಬರೂ ಸೇರಿ ಬಿರುಕಿಗೆ ಚೀಲ ಒತ್ತಿದರು. ಸಂಜೆಯ ಹೊತ್ತಿಗೆ ನೀರು ಹಿಂದೆ ಸರಿಯಿತು.

ಊರು ಉಳಿದದ್ದು ಪ್ರಾರ್ಥನೆಯಿಂದಲೇ ಎಂದು ಪುರಸಭೆಯ ಅಧ್ಯಕ್ಷ ಎಲೀಸಪ್ಪನವರಿಗೆ ಖಾತ್ರಿಯಾಯಿತು. ದೋಣಿ ಕಟ್ಟುವ ಮನುಷ್ಯ, ನಮ್ಮ ಸಭೆಯ ಹಿರಿಯರಲ್ಲೊಬ್ಬರು, ಕೆಡುಕಿನವರಲ್ಲ. ಪ್ರಭುವನ್ನು ಈ ಊರಿಗೆ ಕರೆಸಿದ್ದು ಅವರೇ, ನಾವಿದ್ದ ಮನೆಗೆ ಹಂಚು ಹೊದಿಸಿಕೊಟ್ಟವರೂ ಅವರೇ. ಒಂದು ಬೆಳಿಗ್ಗೆ ಬಾಳೆಎಲೆಯಲ್ಲಿ ಸುತ್ತಿದ ಮೀನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಮುಖ ಹಬ್ಬದ ದಿನದಂತಿತ್ತು.

"ಅಯ್ಯನವರೇ, ಪುರಸಭೆಯಲ್ಲಿ ಒಂದು ನಿಯಮ ಮಾಡಿದೀವಿ. ಇನ್ನು ಮೇಲೆ ಊರಿನ ಕೆಲಸಕ್ಕೆ ಕೂರೋರು, ಸದಸ್ಯರಾಗಲಿ ನೌಕರರಾಗಲಿ, ಮೊದಲು ಎಲ್ಲರೆದುರು ಪ್ರಾರ್ಥನೆ ಮಾಡಿ ತೋರಿಸಬೇಕು. ಕಾಲಿನ ಕೆಳಗೆ ಒಂದು ನೂಲು ದಾಟಿಸೋದು. ದಾಟಿದರೆ ಉಳೀತಾರೆ, ಇಲ್ಲವಾದರೆ ಇಲ್ಲ. ನೂಲು ಹಿಡಿಯೋದು ನೀವು."

"ನಾನಾ?" ಅಂದ ಪ್ರಭು.

"ಇನ್ಯಾರು? ಗುಡಿಯವರಿಗೂ ಮಸೀದಿಯವರಿಗೂ ಕೇಳಿದೀವಿ, ಅವರವರ ಜನಕ್ಕೆ ಅವರು ಹಿಡೀಲಿ. ಆದರೆ ಎಲ್ಲರಿಗೂ ಮೇಲೆ ನೀವು. ಸಭಾಂಗಣದಲ್ಲಿ ನನ್ನ ಬಲಕ್ಕೆ ನಿಮಗೊಂದು ಕುರ್ಚಿ ಮಾಡಿಸ್ತಿದೀನಿ, ನನ್ನ ಕೈಯಾರೆ, ತೇಗದ್ದು." ಆಮೇಲೆ ನನ್ನ ಕಡೆ ತಿರುಗಿ, "ಕೃಪಕ್ಕ, ಬಿಳಿ ನೂಲಿನ ಉಂಡೆ ಒಂದು ಕೊಡಿ, ಗಟ್ಟಿಯಾದ್ದು" ಅಂದರು.

ನಾನು ಎದ್ದು ಕೊಟ್ಟೆ. ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ. ಪ್ರಭು ಮಾತ್ರ ಮೀನಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

"ಎಲೀಸಪ್ಪನವರೇ, ಚಂದ್ರಭಾಗಿ ಏಳೋದಿಲ್ಲ."

"ಅದೇ ಮತ್ತೆ! ಒಡ್ಡಿನ ಕೇರಿ ಅಂಥವಳ ಕೈಯಲ್ಲಿ ಇದ್ದದ್ದಕ್ಕೇ ಅಲ್ಲವಾ ಬಿರುಕು ಬಿಟ್ಟದ್ದು."

"ಆ ಬಿರುಕಿಗೆ ಚೀಲ ಇಟ್ಟವಳೂ ಅವಳೇ."

"ನೀವು ಪಕ್ಕದಲ್ಲಿದ್ದಿರಿ ಅಂತ ನಿಂತಿತು" ಎಂದು ಎಲೀಸಪ್ಪನವರು ನಕ್ಕರು. ಪ್ರಭು ನಗಲಿಲ್ಲ. ನೂಲು ಹಿಡಿಯಲು ತನ್ನಿಂದಾಗದು ಅಂದ. ಅವರು ಅದನ್ನು ಸಂಕೋಚ ಎಂದುಕೊಂಡು, ಯೋಚನೆ ಮಾಡಿ ಎಂದು ಬೆನ್ನು ತಟ್ಟಿ ಹೋದರು.

ನಿಯಮದ ಸುದ್ದಿ ಹಬ್ಬಿದಂತೆ ಊರಿನ ನಡಿಗೆಯೇ ಬದಲಾಯಿತು. ಜನ ಒಬ್ಬರ ಕಾಲನ್ನೊಬ್ಬರು ನೋಡತೊಡಗಿದರು. ಬೀದಿದೀಪ ಹಚ್ಚುವವರು, ತೂಬು ಕಾಯುವವರು, ಸುಂಕದ ಕಟ್ಟೆಯವರು ಹಿತ್ತಲಲ್ಲಿ ಬೆರಳ ತುದಿಯ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದರು. ನನ್ನ ಹತ್ತಿರ ಬಂದ ಗಿರಾಕಿಗಳೂ ಅಂಚಿನ ಹರಳು ಬಿಚ್ಚಿಕೊಡಿ, ಭಾರ ಕಮ್ಮಿ ಮಾಡಿ ಅನ್ನತೊಡಗಿದರು. ಮೇಲೆದ್ದಿರುವ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದ ಜನ ಒಂದು ಕಣ್ಣು ತೆರೆದು ಪಕ್ಕದವರನ್ನು ಅಳೆಯತೊಡಗಿದರು. ಹಾಗೆ ಅಳೆಯುವಾಗಲೇ ಕೆಳಗೆ ಕುಸಿಯುತ್ತಿದ್ದರು.

ಒಂದು ದಿನ ಮಾರ್ತಮ್ಮ ಬಂದಳು. ಪುರಸಭೆಯ ಅಂಗಳ ಗುಡಿಸುವ ಮುದುಕಿ, ಚರ್ಚಿನಲ್ಲಿ ಯಾವಾಗಲೂ ಕೊನೆಯ ಬೆಂಚಿನವಳು. ನಮ್ಮ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಅಯ್ಯಾ, ನಾನು ಹುಡುಗಿಯಾಗಿದ್ದಾಗಿಂದ ಏಳ್ತಿದ್ದೆ. ಚೂರೇ ಚೂರು. ಒಲೆ ಮುಂದೆ ಕೂತಾಗ, ಸತ್ತ ಮಗಳ ನೆನಪಾದಾಗ. ಈಗ ಸೊಸೆ ಬಾಗಿಲ ಸಂದಿಯಿಂದ ನೋಡ್ತಾಳೆ, ಅತ್ತೆ ಎದ್ದಳಾ ಇಲ್ಲವಾ ಅಂತ. ಏಳದಿದ್ದರೆ ನನ್ನ ಕೆಲಸ ಹೋಗುತ್ತಲ್ಲ. ಅವಳು ನೋಡ್ತಾಳೆ ಅಂತ ಗೊತ್ತಾದ ದಿನದಿಂದ ನನಗೆ ಆಗ್ತಾನೇ ಇಲ್ಲ. ದೇವರು ನನ್ನ ಕೈ ಬಿಟ್ಟನಾ?"

ಪ್ರಭು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ. "ದೇವರು ಬಿಟ್ಟಿಲ್ಲ ಮಾರ್ತಮ್ಮ. ನಾವು ನಿಮ್ಮಿಬ್ಬರ ಮಧ್ಯೆ ಬಂದು ನಿಂತುಬಿಟ್ಟೆವು" ಅಂದ. ಅವಳು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದ.

ಆ ಭಾನುವಾರ ಅವನು ಪ್ರಸಂಗಪೀಠಕ್ಕೆ ಹತ್ತಿದ. ದನಿ ಏರಿಸಲಿಲ್ಲ, ಮನೆಯಲ್ಲಿ ಮಾತಾಡಿದಂತೆಯೇ ಮಾತಾಡಿದ. ಒಡ್ಡು ನೋಡಿಕೊಳ್ಳಲು, ದೀಪ ಹಚ್ಚಲು, ಚರಂಡಿ ತೆಗೆಯಲು ನಾವು ಪುರಸಭೆ ಮಾಡಿಕೊಂಡಿದ್ದೇವೆ, ಆ ಕೆಲಸ ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ಎಂದು ಅವರನ್ನು ಕೇಳೋಣ, ಅದನ್ನು ಬಿಟ್ಟು ಅವರ ಪ್ರಾರ್ಥನೆಯನ್ನು ಕೇಳಬೇಡಿ ಅಂದ. ಚರ್ಚಿನ ಕೈಗೆ ಊರಿನ ಕೋಲು ಕೊಟ್ಟರೆ ಮೊದಲು ಪೆಟ್ಟು ತಿನ್ನುವುದು ಚರ್ಚೇ ಅಂದ. ನೂಲು ತಾನು ಹಿಡಿಯುವುದಿಲ್ಲ, ಆ ಕುರ್ಚಿಯಲ್ಲಿ ಕೂರುವುದೂ ಇಲ್ಲ ಅಂದ. ಸಭೆಯ ಹಿರಿಯ ಜಾನಪ್ಪ ಮಾಸ್ತರರು ಬೆಂಚಿನಿಂದ ಎದ್ದು ನಿಂತರು. ಪ್ರಸಂಗದ ನಡುವೆ ಯಾರೂ ಹಾಗೆ ಎದ್ದದ್ದಿಲ್ಲ.

"ಹಾಗಾದರೆ ದೇವರಿಲ್ಲದವರು ಊರು ಆಳಲಿ ಅಂತಲಾ ಅಯ್ಯನವರೇ?"

"ಯಾರೂ ಆಳೋದು ಬೇಡ ಮಾಸ್ತರರೇ. ಕೆಲಸ ಮಾಡಲಿ."

"ಎತ್ತರಕ್ಕೆ ಏಳೋ ಶಕ್ತಿ ದೇವರು ನಿಮಗೆ ಕೊಟ್ಟದ್ದು ಯಾಕೆ? ಊರಿಗೆ ದಾರಿ ತೋರಿಸಲಿ ಅಂತ ಅಲ್ಲವಾ?"

"ಯಾಕೆ ಕೊಟ್ಟ ಅಂತ ನನಗೂ ಗೊತ್ತಿಲ್ಲ" ಅಂದ ಪ್ರಭು. "ಬೇರೆಯವರನ್ನ ಕೆಳಗಿಳಿಸಲಿ ಅಂತ ಅಲ್ಲ, ಅಷ್ಟು ಗೊತ್ತು."

ಅವತ್ತು ಕಾಣಿಕೆಯ ತಟ್ಟೆ ಅರ್ಧ ಬೆಂಚುಗಳನ್ನು ದಾಟುವ ಮೊದಲೇ ಜನ ಎದ್ದು ಹೋಗಿದ್ದರು. ಮನೆಗೆ ಬಂದು ನಾನು ಅವನನ್ನು ಚೆನ್ನಾಗಿ ಬೈದೆ. ತಲೆಯ ಮೇಲಿನ ಹಂಚು ಯಾರದ್ದು ಗೊತ್ತಾ ಅಂದೆ. ಒಂದು ನೂಲು ಹಿಡಿದರೆ ನಿನ್ನ ಕೈ ಸವೆಯುತ್ತಾ ಅಂದೆ. ಅವನು ಬಂಗಡೆಯ ಮುಳ್ಳು ಬಿಡಿಸುತ್ತ, "ಅಕ್ಕ, ನೀನು ಪ್ರಾರ್ಥನೆ ಮಾಡುವಾಗ ಏಳ್ತೀಯಾ?" ಎಂದು ಕೇಳಿದ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಅವನು ಅದನ್ನು ಕೇಳಿದ್ದೇ ಇಲ್ಲ. ನನಗೆ ಮುಖಕ್ಕೆ ನೀರೆರಚಿದಂತಾಯಿತು. "ಅದನ್ನೆಲ್ಲ ಕೇಳ್ತಾರೇನೋ!" ಅಂದೆ. "ನೋಡು" ಅಂದ.

ಹುಣ್ಣಿಮೆಯ ಬೆಳಿಗ್ಗೆ ಒಡ್ಡಿನ ಬಯಲಿನಲ್ಲಿ ಹೊಸ ನಿಯಮದ ಪ್ರಮಾಣವಚನ ಇಟ್ಟಿದ್ದರು. ಮಂಜು ಪೂರ್ತಿ ಸರಿದಿರಲಿಲ್ಲ. ನಿಂತ ಜನ ಅರ್ಧ ಕಾಣುತ್ತಿದ್ದರು, ಅರ್ಧ ಇಲ್ಲ. ತೇಗದ ಕುರ್ಚಿಯನ್ನು ಹೊತ್ತು ತಂದು ಮಧ್ಯದಲ್ಲಿಟ್ಟಿದ್ದರು, ಅದರ ಬೆನ್ನಿಗೆ ಕೆತ್ತಿದ ಬಳ್ಳಿ ನಿಜಕ್ಕೂ ಚೆನ್ನಾಗಿತ್ತು. ಗುಡಿಯ ಪೂಜಾರಿ ಮತ್ತು ಮಸೀದಿಯ ಹಜರತರು ಒಂದು ಬದಿಗೆ ನಿಂತು ನಮ್ಮ ಪ್ರಭು ಏನು ಮಾಡುತ್ತಾನೋ ಎಂದು ಕಾಯುತ್ತಿದ್ದರು. ಅಧ್ಯಕ್ಷರ ಕೆಂಪು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ ಎಲೀಸಪ್ಪನವರು ಹಾರ ಹಿಡಿದು ಎದುರು ಬಂದರು. ಪ್ರಭು ನಿಲುವಂಗಿ ಹಾಕಿರಲಿಲ್ಲ. ಸಾದಾ ಅಂಗಿ, ಪಂಚೆ.

"ನೂಲು ಬೇಡ ಅಂದಿರಿ, ಸರಿ. ಕುರ್ಚಿ ಬೇಡ ಅಂದಿರಿ, ಸರಿ. ಒಂದು ಸಲ ಪ್ರಾರ್ಥನೆ ಮಾಡಿ ಅಯ್ಯನವರೇ, ಜನ ನೋಡಲಿ. ನೀವು ಏರಿದ್ದು ನೋಡಿದರೆ ಎಲ್ಲರಿಗೂ ಧೈರ್ಯ ಬರುತ್ತೆ" ಅಂದರು. ದನಿಯಲ್ಲಿ ಬೇಡಿಕೆಯಿತ್ತು.

"ಪ್ರಾರ್ಥನೆ ಮನೇಲಿ ಮುಗಿಸಿ ಬಂದೆ" ಅಂದ ಪ್ರಭು. "ಇಲ್ಲಿಗೆ ಬಂದಿರೋದು ದಿಬ್ಬದ ಕೇರಿಯ ಒಬ್ಬ ನಿವಾಸಿಯಾಗಿ. ಎಲ್ಲರ ಹಾಗೆ ನಿಂತು ನೋಡ್ತೀನಿ."

ಜನರಲ್ಲಿ ಗುಜುಗುಜು ಎದ್ದಿತು. ಎಲೀಸಪ್ಪನವರ ಕಿವಿ ಕೆಂಪಾಯಿತು. ಹಾರವನ್ನು ಕುರ್ಚಿಯ ಮೇಲೆ ಹಾಕಿ, ನೂಲಿನ ಉಂಡೆಯನ್ನು ಜಾನಪ್ಪ ಮಾಸ್ತರರ ಕೈಗೆ ಕೊಟ್ಟರು. "ಹಾಗಾದರೆ ನನ್ನಿಂದಲೇ ಶುರುವಾಗಲಿ" ಎಂದು ಚಪ್ಪಲಿ ಕಳಚಿ, ಕೈ ಜೋಡಿಸಿ, ಕಣ್ಣು ಮುಚ್ಚಿದರು.

ಮಾಸ್ತರರು ಬಗ್ಗಿ ನೂಲು ಹಿಡಿದರು. ಇನ್ನೊಂದು ತುದಿ ಹಿಡಿದವರೂ ಬಗ್ಗಿದರು. ಎಲೀಸಪ್ಪನವರ ತುಟಿ ಅಲುಗುತ್ತಿತ್ತು. ಕಡಲ ಕಡೆಯಿಂದ ಗಾಳಿ ಬಂತು, ಹೋಯಿತು. ಮಂಜು ಕರಗಿ ಬಿಸಿಲು ಬಿತ್ತು. ಅವರ ಹಣೆಯಲ್ಲಿ ಬೆವರು ಕಟ್ಟಿತು, ಹಿಮ್ಮಡಿಗಳು ಒಮ್ಮೆ ನಡುಗಿದವು. ಪಾದ ಮಾತ್ರ ಮಣ್ಣು ಕಚ್ಚಿಕೊಂಡೇ ಇತ್ತು. ಅವರ ಹೆಂಡತಿ ರಾಹೇಲಮ್ಮ ಮುಖ ತಿರುಗಿಸಿ ನನ್ನ ಹೆಗಲು ಹಿಡಿದುಕೊಂಡರು. ಕಡೆಗೆ ಮಾತಾಡಿದವಳು ಚಂದ್ರಭಾಗಿ.

"ಸಾಕು ಬಿಡಿ ಅಧ್ಯಕ್ಷರೇ. ಬಿಸಿಲು ಏರ್ತಿದೆ."

ಅವಳ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಆದರೆ ಅವಳ ಕೇರಿಯ ಗಂಡಸರು ಬಿಡಬೇಕಲ್ಲ. "ನಿಯಮ ಅಂದರೆ ನಿಯಮ, ಅಧ್ಯಕ್ಷಗಿರಿ ಬಿಟ್ಟು ಇಳೀರಿ!" ಎಂದು ಒಬ್ಬ ಕೂಗಿದ, ಹತ್ತು ಜನ ಸೇರಿದರು. ಪ್ರಭು ಮುಂದೆ ಬಂದು ಎಲೀಸಪ್ಪನವರಿಗೂ ಜನರಿಗೂ ನಡುವೆ ನಿಂತ. "ಇವರನ್ನ ಅಧ್ಯಕ್ಷರು ಮಾಡಿದ್ದು ನಮ್ಮ ಮತ. ಆ ಮತ ಇವತ್ತೂ ಇದೆ. ಇವರ ಪಾದ ನೋಡೋದು ನಿಲ್ಲಿಸಿ" ಅಂದ. ಆದರೆ ಎಲೀಸಪ್ಪನವರು ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ತಾವು ಮಾಡಿದ ನಿಯಮ ತಮಗೆ ಬೇರೆಯಲ್ಲ ಅಂದರು. ಕೆಂಪು ಪಟ್ಟಿ ತೆಗೆದು ಆ ತೇಗದ ಕುರ್ಚಿಯ ಮೇಲಿಟ್ಟು, ಚಪ್ಪಲಿ ಅಲ್ಲೇ ಮರೆತು, ಬರಿಗಾಲಿನಲ್ಲಿ ಮನೆಗೆ ನಡೆದರು. ಆಮೇಲೆ ಅವತ್ತು ಯಾರಿಗೂ ನೂಲು ಹಿಡಿಯಲಿಲ್ಲ.

ಮಧ್ಯಾಹ್ನ ನಾನೂ ಪ್ರಭುವೂ ಅವರಲ್ಲಿಗೆ ಹೋದೆವು. ನಾನು ಆ ಚಪ್ಪಲಿ ತೆಗೆದುಕೊಂಡು ಹೋಗಿದ್ದೆ. ದೋಣಿಯ ಕೊಟ್ಟಿಗೆಯಲ್ಲಿ, ಹಲಗೆ ಹೊಡೆಯದ ಒಂದು ದೋಣಿಯ ಪಕ್ಕೆಲುಬುಗಳ ನಡುವೆ ಅವರು ಕೂತಿದ್ದರು. ಕಾಲ ಸುತ್ತ ಮರದ ಹೊಟ್ಟು. ನಮ್ಮನ್ನು ನೋಡಿ ಎದ್ದೇಳಲಿಲ್ಲ.

"ಒಡ್ಡಿನ ದಿನ ನಾನು ಎದ್ದಿದ್ದೆ. ನೀವೇ ನೋಡಿದೀರಿ" ಅಂದರು.

"ನೋಡಿದೀನಿ."

"ಇವತ್ತು ಯಾಕೆ ಹೀಗಾಯ್ತು?"

ಪ್ರಭು ಅವರ ಎದುರಿಗೆ ಹೊಟ್ಟಿನ ಮೇಲೆ ಕೂತ. "ಆ ದಿನ ಏನು ಬೇಡಿಕೊಂಡಿರಿ?"

"ಊರು ಉಳಿಸಪ್ಪಾ ಅಂತ. ಇನ್ನೇನು ಬೇಡೋದು?"

"ಇವತ್ತು?"

ಅವರು ನೆಲದ ಹೊಟ್ಟನ್ನು ಕಾಲಿನಿಂದ ಕೆದಕಿದರು. ಹೊರಗೆ ಯಾರೋ ಮೊಳೆ ಹೊಡೆಯುತ್ತಿದ್ದ ಸದ್ದು ನಿಂತಿತು. "ಜನರೆದುರು ಬೀಳಿಸಬೇಡ ಅಂತ" ಅಂದರು. ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅಂಗೈಯಿಂದ ಕಣ್ಣು ಒರೆಸಿಕೊಂಡರು. ಪ್ರಭು ಅವರ ಕಾಲಿಗೆ ಅಂಟಿದ್ದ ಹೊಟ್ಟನ್ನು ಕೈಯಿಂದ ಸವರಿ ತೆಗೆದ. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಎಲೀಸಪ್ಪನವರು ಮುಂದಕ್ಕೆ ಬಾಗಿ ಅವನ ಕೈ ಹಿಡಿದರು.

"ಅಯ್ಯನವರೇ, ನೀವೊಂದು ಮಾತು ಹೇಳಿ. ಎಲೀಸಪ್ಪ ದೇವರ ಮುಂದೆ ಸರಿಯಾಗಿದಾನೆ, ಅವನೇ ಅಧ್ಯಕ್ಷನಾಗಿರಲಿ ಅಂತ ಚರ್ಚಿನಲ್ಲಿ ಒಂದು ಮಾತು. ನೀವು ಹೇಳಿದರೆ ಎಲ್ಲರೂ ಕೇಳ್ತಾರೆ. ಒಡ್ಡಿನ ಕೇರಿಯವರೂ ಕೇಳ್ತಾರೆ."

ನಾನು ಪ್ರಭುವಿನ ಮುಖ ನೋಡಿದೆ. ಹೇಳು, ಹೇಳಿಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಅದು ನನ್ನಿಂದ ಆಗೋದಿಲ್ಲ."

"ನನಗೋಸ್ಕರಾನೂ ಆಗೋದಿಲ್ಲವಾ?"

"ನನ್ನ ಮಾತಿನಿಂದ ನೀವು ಆ ಜಾಗದಲ್ಲಿ ಕೂತರೆ, ನಾಳೆ ನನ್ನ ನಂತರ ಬರೋ ಪಾದ್ರಿ ಒಂದು ಮಾತಿನಿಂದ ನಿಮ್ಮನ್ನ ಎಬ್ಬಿಸ್ತಾನೆ. ಚಂದ್ರಭಾಗಿಯನ್ನ ಎಬ್ಬಿಸ್ತಾನೆ. ಮಾರ್ತಮ್ಮನ ಪೊರಕೆ ಕಿತ್ತುಕೊಳ್ತಾನೆ. ನೀವು ವಾಪಸು ಹೋಗಿ ಎಲೀಸಪ್ಪನವರೇ, ಈಗಲೇ ಹೋಗಿ. ಒಡ್ಡು ಕಟ್ಟೋದು ನಿಮಗೆ ಗೊತ್ತು, ಜನ ಮತ ಹಾಕಿದಾರೆ, ಅಷ್ಟು ಸಾಕು ಅಂತ ಹೋಗಿ. ನನ್ನ ಚೀಟಿ ಹಿಡಿದುಕೊಂಡು ಹೋಗಬೇಡಿ."

ಎಲೀಸಪ್ಪನವರು ಕೈ ಬಿಟ್ಟರು. "ನಿಮ್ಮನ್ನ ಈ ಊರಿಗೆ ಕರೆತಂದವನು ನಾನು" ಅಂದರು. ಪ್ರಭು ತಲೆ ಬಗ್ಗಿಸಿದ. "ಹೌದು" ಅಂದ. ಅಷ್ಟೇ. ನಾನು ಚಪ್ಪಲಿ ಬಾಗಿಲ ಬಳಿ ಇಟ್ಟು ಅವನ ಹಿಂದೆ ಹೊರಟೆ. ಮನೆಗೆ ಬಂದು ಒಲೆ ಹಚ್ಚಲಿಲ್ಲ. ಅವನು ಹಿತ್ತಲಿಗೆ ಹೋಗಿ ತುಂಬ ಹೊತ್ತು ನಿಂತಿದ್ದ. ಕಿಟಕಿ ನನ್ನ ಪಕ್ಕದಲ್ಲೇ ಇತ್ತು, ಆದರೂ ಅವನ ಕಾಲು ನೆಲ ಬಿಟ್ಟಿತೋ ಇಲ್ಲವೋ ಎಂದು ಅದನ್ನು ತೆರೆದು ನೋಡಲು ನನಗೆ ಮನಸ್ಸಾಗಲಿಲ್ಲ.

ಆ ವಾರದ ಕೊನೆಗೆ ಪುರಸಭೆ ಸೇರಿತು. ನಿಯಮವನ್ನು ತೆಗೆದುಹಾಕಬೇಕೆಂದು ಚಂದ್ರಭಾಗಿ ಎದ್ದು ನಿಂತು ಕೇಳಿದಳು. ಸದಸ್ಯರು ಸರಿ ಅರ್ಧ ಹೌದು, ಸರಿ ಅರ್ಧ ಅಲ್ಲ ಎಂದು ಒಡೆದರು. ಪ್ರಭುವನ್ನು ಒಳಗೆ ಕರೆದು ಅಭಿಪ್ರಾಯ ಕೇಳೋಣ ಎಂದು ಯಾರೋ ಅಂದರಂತೆ. ಅವನು ಹೊರಗೆ ನಮ್ಮಂಥವರ ಜೊತೆ ಬೇಲಿಗೆ ಒರಗಿ ನಿಂತಿದ್ದ. ಬರುವುದಿಲ್ಲ ಎಂದು ಕೈಯಾಡಿಸಿದ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಎಲೀಸಪ್ಪನವರು ಕಾಣಿಸಿದರು. ಅಂಗಿಯ ಮೇಲೆ ಮರದ ಹೊಟ್ಟು ಹಾಗೇ ಇತ್ತು. ಪ್ರಭುವಿನ ಪಕ್ಕದಿಂದಲೇ ದಾಟಿದರೂ ಅವನ ಕಡೆ ನೋಡದೆ ಒಳಗೆ ಹೋದರು. ತೆರೆದ ಕಿಟಕಿಯಿಂದ ಅವರ ದನಿ ಕೇಳಿಸಿತು: "ನಾನು ಏಳಲಿಲ್ಲ. ಎಲ್ಲರೂ ನೋಡಿದೀರಿ. ಏಳದೇ ಇದ್ದರೂ ಒಡ್ಡಿಗೆ ಕಲ್ಲು ಕಟ್ಟಿಸೋದು ನನಗೆ ಗೊತ್ತು. ನನ್ನ ಮತ ಚಂದ್ರಭಾಗಿಯ ಕಡೆಗೆ. ನಿಯಮ ಹೋಗಲಿ." ನಿಯಮ ಹೋಯಿತು. ಕೆಂಪು ಪಟ್ಟಿಯನ್ನು ಅವರೇ ಮತ್ತೆ ಹೆಗಲಿಗೆ ಹಾಕಿಕೊಂಡರು.

ಊರು ಒಂದೇ ಸಲ ಮೊದಲಿನಂತಾಗಲಿಲ್ಲ. ಜಾನಪ್ಪ ಮಾಸ್ತರರು ನಮ್ಮ ಸಭೆಯ ಅರ್ಧದಷ್ಟು ಜನರನ್ನು ಕರೆದುಕೊಂಡು ಹೋಗಿ ಉಪ್ಪಿನ ಗೋದಾಮಿನಲ್ಲಿ ಬೇರೆ ಪ್ರಾರ್ಥನೆ ಶುರುಮಾಡಿದರು. ಭಾನುವಾರಗಳಂದು ಪ್ರಭು ಖಾಲಿ ಬೆಂಚುಗಳಿಗೂ ಸೇರಿಸಿ ಪ್ರಸಂಗ ಹೇಳುತ್ತಿದ್ದ. ಮಾರ್ತಮ್ಮ ಬರುತ್ತಿದ್ದಳು, ಬಂದು ಕೊನೆಯ ಬೆಂಚು ಬಿಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಎಲೀಸಪ್ಪನವರು ಮಾತ್ರ ನಮ್ಮಲ್ಲಿಗೂ ಬರಲಿಲ್ಲ, ಗೋದಾಮಿಗೂ ಹೋಗಲಿಲ್ಲ. ದಾರಿಯಲ್ಲಿ ಎದುರಾದರೆ ಪ್ರಭು ಸ್ತೋತ್ರ ಎಂದು ಕೈಮುಗಿಯುತ್ತಿದ್ದ, ಅವರು ಕೊಡೆಯನ್ನು ಇನ್ನಷ್ಟು ಬಗ್ಗಿಸಿಕೊಂಡು ಹೋಗುತ್ತಿದ್ದರು. ಅಂಥ ದಿನ ಪ್ರಭು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಸರಿ ಮಾಡಿದೆ ಅಂತ ನಿನಗೆ ಅನಿಸುತ್ತಾ ಎಂದು ನಾನೊಮ್ಮೆ ಕೇಳಿದೆ. "ಸರಿ ಮಾಡಿದೆ ಅಕ್ಕ. ಆದರೆ ಅವರ ಮನಸ್ಸು ಮುರಿದೆ. ಎರಡೂ ನಿಜ" ಅಂದ.

ಮುಂದಿನ ಬೇಸಿಗೆಯಲ್ಲಿ ಚಂದ್ರಭಾಗಿ ನಮ್ಮ ಬಾಗಿಲಿಗೆ ಬಂದಳು, ಅಂಗಳದಲ್ಲೇ ನಿಂತು ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡಳು. ಒಡ್ಡು ದಾಟಿ ಬಂದು ನಿಂತ ನೀರನ್ನು ಹೊಳೆಗೆ ಸಾಗಿಸಲು ಹೊಸ ಕಾಲುವೆ ತೆಗೆಯುತ್ತಿದ್ದಾರೆ, ಅದು ದಿಬ್ಬದ ಬುಡದಲ್ಲಿ ಚರ್ಚಿನ ಕಾಂಪೌಂಡಿನ ಮೂಲೆಯನ್ನು ಹಾದುಹೋಗಬೇಕು, ಆ ಗೋಡೆ ಕೆಡವಬೇಕು ಅಂದಳು. ಅಧ್ಯಕ್ಷರ ಆಜ್ಞೆ. ಸುದ್ದಿ ತಿಳಿದು ಜಾನಪ್ಪ ಮಾಸ್ತರರೇ ಗೋದಾಮಿನಿಂದ ಓಡಿಬಂದರು. ಬಿಟ್ಟುಹೋದ ಚರ್ಚಾದರೂ ಗೋಡೆ ಅವರ ಅಜ್ಜ ಕಟ್ಟಿಸಿದ್ದು.

"ನೋಡಿದಿರಾ, ಸೇಡು ತೀರಿಸಿಕೊಳ್ತಿದಾನೆ! ಪ್ರಸಂಗಪೀಠದಿಂದ ಒಂದು ಮಾತು ಹೇಳಿ ಅಯ್ಯನವರೇ. ಎರಡೂ ಸಭೆ ಒಂದಾಗಿ ನಿಂತುಬಿಡ್ತೀವಿ. ದೇವರ ಗೋಡೆ ಮುಟ್ಟೋಕೆ ಪುರಸಭೆ ಯಾವುದು?"

ಪ್ರಭು ಚಂದ್ರಭಾಗಿಯನ್ನು ಕೇಳಿದ, "ಮಸೀದಿಯದ್ದೂ ಹೋಗುತ್ತಾ?"

"ಮಸೀದಿಯ ಹಿಂದಿನ ಕಟ್ಟೆ ಹೋಗುತ್ತೆ. ಅಮ್ಮನ ಗುಡಿಯ ನಂದಾದೀಪದ ಚಪ್ಪರ ಹೋಗುತ್ತೆ. ನನ್ನ ಹಟ್ಟಿಯೂ ಹೋಗುತ್ತೆ."

"ನೀರಿಗೆ ಬೇರೆ ದಾರಿ ಇಲ್ಲವಾ?"

"ಇದ್ದಿದ್ದರೆ ನಿಮ್ಮ ಹತ್ತಿರ ಜಗಳಕ್ಕೆ ಬರ್ತಿದ್ದೆನಾ ಪಾದ್ರಿಗಳೇ?"

"ಹಾಗಾದರೆ ಕೆಡವೋಣ" ಅಂದ ಪ್ರಭು. ಮಾಸ್ತರರು ಬಾಯಿ ತೆರೆದದ್ದು ಮುಚ್ಚಲಿಲ್ಲ. "ಗೋಡೆ ನಮ್ಮದು ಮಾಸ್ತರರೇ, ದೇವರದ್ದಲ್ಲ. ನೀರು ಎಲ್ಲರದ್ದು. ಅದು ಎಲ್ಲಿ ಹರೀಬೇಕು ಅಂತ ಹೇಳೋದು ಪುರಸಭೆಯ ಕೆಲಸ, ಅವರು ಹೇಳಿದಾರೆ."

ಭಾನುವಾರ ಆರಾಧನೆ ಮುಗಿಸಿ, ನಿಲುವಂಗಿ ಕಳಚಿ ಮಡಚಿಟ್ಟು, ಪಂಚೆ ಎತ್ತಿಕಟ್ಟಿ ಅವನೇ ಮೊದಲ ಹಾರೆ ಹಾಕಿದ. ಸಭೆಯ ಗಂಡಸರು ಸೇರಿಕೊಂಡರು. ಹೆಂಗಸರು ಇಟ್ಟಿಗೆ ಹೊತ್ತರು. ಸುಣ್ಣದ ಧೂಳು ಎದ್ದು ಬಿಸಿಲಿನಲ್ಲಿ ಹಾಗೇ ನಿಂತಿತು, ಅದರೊಳಗೆ ಎಲ್ಲರೂ ಬಿಳಿಬಿಳಿಯಾಗಿ ಓಡಾಡುತ್ತಿದ್ದರು. ಮಾಸ್ತರರೂ ಕಡೆಗೆ ಅಜ್ಜನ ಹೆಸರಿದ್ದ ಕಲ್ಲನ್ನು ತಾವೇ ಬಿಡಿಸಿ ಬದಿಗೆ ಇಡಲು ಬಂದರು. ಎಲೀಸಪ್ಪನವರು ಕೊಡೆ ಹಿಡಿದು, ಪಟ್ಟಿ ಹಾಕಿಕೊಂಡು, ಕೆಲಸ ನೋಡಲು ಬಂದು ರಸ್ತೆಯ ಬದಿಯ ಅಂಚಿನಲ್ಲೇ ನಿಂತರು. ಬಹಳ ಹೊತ್ತು ನೋಡಿದರು.

"ಅಯ್ಯನವರೇ" ಅಂದರು ಕಡೆಗೆ. ವರ್ಷದಿಂದ ಕೇಳದ ದನಿ ಅದು. "ಬೇಕಾದ್ದಕ್ಕಿಂತ ಜಾಸ್ತಿ ಒಡೆದಿದೀರಿ."

ಪ್ರಭು ಹಾರೆ ಊರಿ ನಿಂತ. "ಓಡಾಡೋಕೂ ದಾರಿ ಆಗಲಿ ಅಂತ."

ಎಲೀಸಪ್ಪನವರು ಆ ಖಾಲಿ ಜಾಗವನ್ನು ನೋಡಿದರು. ಆಚೆಗೆ ಚರ್ಚಿನ ಬಾಗಿಲು ತೆರೆದಿತ್ತು, ಒಳಗೆ ತಣ್ಣಗೆ ಕತ್ತಲಿತ್ತು. "ಒಳಗೆ ಬರಬಹುದಾ?"

"ಅಧ್ಯಕ್ಷರಾಗಿ ಬರೋದಾದರೆ ಅಳತೆಯ ಟೇಪು ತಂದುಬಿಡಿ, ಒಳಗಿನ ಗೋಡೆಯನ್ನೂ ನೋಡಿಬಿಡೋಣ" ಅಂದ ಪ್ರಭು. "ಎಲೀಸಪ್ಪನವರಾಗಿ ಬರೋದಾದರೆ ಸುಮ್ಮನೆ ಬನ್ನಿ."

ಅವರು ಹೆಗಲಿನ ಪಟ್ಟಿ ತೆಗೆದು ಮಡಚಿದರು. ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದರು. ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದ ಚಂದ್ರಭಾಗಿ ಕೈ ಚಾಚಿದಳು. ಪಟ್ಟಿಯನ್ನೂ ಕೊಡೆಯನ್ನೂ ಅವಳ ಕೈಗಿತ್ತು ಎಲೀಸಪ್ಪನವರು ಮುರಿದ ಗೋಡೆ ದಾಟಿದರು. ಇಬ್ಬರೂ ಪಕ್ಕಪಕ್ಕದಲ್ಲಿ, ಧೂಳು ಕೊಡವಿಕೊಳ್ಳುತ್ತ ಒಳಗೆ ಹೋದರು. ಪ್ರಭು ಹಿಂದಕ್ಕೆ ಕೈ ಚಾಚಿ ಬಾಗಿಲನ್ನು ಎಳೆದುಕೊಂಡ.

ನಾನು ಚಂದ್ರಭಾಗಿಗೆ ಮಜ್ಜಿಗೆ ತಂದುಕೊಟ್ಟು ಅವಳ ಪಕ್ಕ ಇಟ್ಟಿಗೆಯ ಮೇಲೆ ಕೂತೆ. ಅವಳು ಪಟ್ಟಿಯನ್ನು ಮೊಣಕಾಲ ಮೇಲೆ ಹಾಕಿಕೊಂಡು, ಕೊಡೆಯ ನೆರಳನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದಳು. ಗುದ್ದಲಿಯವರು ಕಾಲುವೆಯ ಕೊನೆಯ ಮಣ್ಣು ತೆಗೆದು, ಇನ್ನು ನೀರು ಬಿಡಬಹುದಾ ಎಂದು ಅವಳ ಕಡೆ ನೋಡಿದರು. ಅವಳು ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿ, ಲೋಟ ಕೆಳಗಿಟ್ಟಳು.

"ಸ್ವಲ್ಪ ತಾಳಿ" ಅಂದಳು ಅವರಿಗೆ. "ಅವರು ಬರಲಿ."